ಕಟ್ಟಿ ನಿಲ್ಲಿಸಿದ ಇಲಿಯ ಋಣ



ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅದು ನಿಮ್ಮದೇ ಧರ್ಮಕೇಂದ್ರದ, ನಿಮ್ಮದೇ ಬೀದಿಯ ಮನೆ ಇರಬಹುದು. ಆ ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಇದ್ದಾರೆ. ನಲವತ್ತು ವರ್ಷ ಬೆಳಗಿನ ಬಲಿಪೂಜೆಗೆ ನಡೆದು ಹೋಗಿ ಬಂದ ದಾರಿಯನ್ನೇ ಅವರು ಈಗ ಮರೆತಿದ್ದಾರೆ. ಎರಡು ಸಲ ದೇವಾಲಯದಿಂದ ಹೊರಟವರು ಮನೆ ಸೇರಲಿಲ್ಲ. ಹುಡುಕುತ್ತಾ ಹೋದವರಿಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಜಪಸರ ಹಿಡಿದು ಕುಳಿತದ್ದು ಕಾಣಿಸಿತು. ಅಂದಿನಿಂದ ಮುಂಬಾಗಿಲಿಗೆ ಎತ್ತರದಲ್ಲಿ ಇನ್ನೊಂದು ಚಿಲಕ ಬಂದಿದೆ. ಅಜ್ಜಿಯ ಕೈಗೆ ಅದು ಎಟಕುವುದಿಲ್ಲ.

ಈ ಅಜ್ಜಿಯ ಮೊಮ್ಮಗಳು ಎಂ.ಎಸ್ಸಿ. ಮುಗಿಸಿ, ದೂರದ ಊರಿನಲ್ಲಿ ಮೆದುಳಿನ ಬಗ್ಗೆ ಸಂಶೋಧನೆ ಮಾಡಲು ಸೇರಿದ್ದಾಳೆ. ಸೇರಿದ್ದೂ ಅಜ್ಜಿಯ ಕಾರಣದಿಂದಲೇ. ಒಂದು ರಾತ್ರಿ ಅವಳ ಫೋನ್ ಬರುತ್ತದೆ.

"ಅಮ್ಮಾ, ನಾಳೆಯಿಂದ ಇಲಿಯ ತಲೆಬುರುಡೆಗೆ ಲೋಹದ ಪಟ್ಟಿ ಅಂಟಿಸೋದನ್ನ ನಾನೇ ಕಲೀಬೇಕು. ಆಮೇಲೆ ಆ ಪಟ್ಟಿ ಹಿಡಿದು ಅದರ ತಲೆ ಅಲುಗಾಡದ ಹಾಗೆ ಬಿಗೀಬೇಕು. ಇಲಿ ಎಚ್ಚರವಾಗೇ ಇರುತ್ತೆ. ಇದು ಪಾಪವಾ ಅಮ್ಮಾ?"

"ಅಯ್ಯೋ ಮಗಾ, ನಾವೇ ಅಡುಗೆಮನೆಯಲ್ಲಿ ಬೋನು ಇಡ್ತೀವಿ. ಒಂದು ಇಲಿಗೆ ಇಷ್ಟೊಂದು ತಲೆ ಕೆಡಿಸ್ಕೋತೀಯಲ್ಲ!"

ತಾಯಿ ಫೋನ್ ಇಡುತ್ತಾರೆ. ಆದರೆ ಅವರ ಕಣ್ಣು ಬಾಗಿಲಿನ ಮೇಲಿನ ಚಿಲಕದ ಮೇಲೆ ನಿಲ್ಲುತ್ತದೆ. ಒಂದು ಜೀವವನ್ನು ಅದರ ಇಷ್ಟಕ್ಕೆ ವಿರುದ್ಧವಾಗಿ ತಡೆದು ನಿಲ್ಲಿಸುವುದು ಯಾವಾಗ ಸರಿ? ಯಾವಾಗ ತಪ್ಪು? ಮಗಳ ಪ್ರಶ್ನೆ ಅಷ್ಟು ಸುಲಭದ್ದಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಈ ವಾರ ಆ ತಾಯಿಯ ಜೊತೆಯಲ್ಲಿ ಕುಳಿತು ನಾವೂ ಸ್ವಲ್ಪ ಯೋಚಿಸೋಣ.

ಅಲ್ಲಿ ನಡೆಯುವುದೇನು?

ತೀರ್ಪು ಕೊಡುವುದಕ್ಕೆ ಮುಂಚೆ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪುಟ್ಟ ಇಲಿಯ ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ಅದರ ಮೆದುಳಿನಲ್ಲಿ ಸುಮಾರು 7 ಕೋಟಿ ನರಕೋಶಗಳಿವೆ. ನಮ್ಮ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ. ಸಂಖ್ಯೆಯಲ್ಲಿ ಇಷ್ಟೊಂದು ಅಂತರವಿದ್ದರೂ, ಕೋಶಗಳು ಒಂದರೊಡನೊಂದು ಮಾತನಾಡುವ ರೀತಿ ಎರಡರಲ್ಲೂ ಬಹುಮಟ್ಟಿಗೆ ಒಂದೇ. ಆದ್ದರಿಂದಲೇ ವಿಜ್ಞಾನಿಗಳು ಇಲಿಯ ಕಡೆಗೆ ತಿರುಗುತ್ತಾರೆ.

ಪ್ರಾಣಿಯ ತಲೆಯನ್ನು ಚೌಕಟ್ಟಿನಲ್ಲಿ ನಿಲ್ಲಿಸಿ ಮೆದುಳಿನ ಒಂದು ಬಿಂದುವನ್ನು ಕರಾರುವಾಕ್ಕಾಗಿ ಮುಟ್ಟುವ ಉಪಕರಣವನ್ನು ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ 1908ರಲ್ಲಿ ವಿವರಿಸಿದರು. ಅದು ಅರಿವಳಿಕೆ ಕೊಟ್ಟು ಮಲಗಿಸಿದ ಪ್ರಾಣಿಗಳಿಗಾಗಿ. ಆದರೆ ನಿದ್ದೆಹೋದ ಮೆದುಳು ಒಂದು ಬಗೆ, ಎಚ್ಚರವಿರುವ ಮೆದುಳು ಇನ್ನೊಂದು ಬಗೆ. ದಾರಿ ಹುಡುಕುವುದು, ನೆನಪಿಟ್ಟುಕೊಳ್ಳುವುದು, ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವುದು ಇವೆಲ್ಲ ಎಚ್ಚರದ ಕೆಲಸಗಳು. ಅವನ್ನು ನೋಡಬೇಕಾದರೆ ಪ್ರಾಣಿ ಎಚ್ಚರವಾಗಿದ್ದು ಏನಾದರೂ ಮಾಡುತ್ತಿರಬೇಕು.

ಇಲ್ಲೇ ತೊಡಕು. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೊಸ ಬಗೆಯ ಲೇಸರ್ ಸೂಕ್ಷ್ಮದರ್ಶಕವೊಂದು ರೂಪುಗೊಂಡಿತು. ಜೀವಂತ ಮೆದುಳಿನೊಳಗೆ ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ನೋಡುವುದು ಅದರಿಂದ ಸಾಧ್ಯವಾಯಿತು. ಜೆಲ್ಲಿ ಮೀನಿನಿಂದ ಪಡೆದ ಹಸಿರು ಪ್ರೋಟೀನನ್ನು ಬದಲಾಯಿಸಿ ಇಲಿಯ ಕೋಶಗಳಲ್ಲಿ ಉಂಟಾಗುವಂತೆ ಮಾಡಿದರೆ, ಕೋಶ ಕೆಲಸ ಮಾಡಿದಾಗಲೆಲ್ಲ ಮಿಣುಕುತ್ತದೆ. ಆದರೆ ಒಂದು ಕೋಶದ ಅಗಲ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ. ತಲೆ ಕೂದಲೆಳೆಯಷ್ಟು ಅಲುಗಿದರೂ ನೋಡುತ್ತಿದ್ದ ಕೋಶ ಕಣ್ಣಿನಿಂದ ಜಾರಿಹೋಗುತ್ತದೆ.

ಅದಕ್ಕಾಗಿ ಹೀಗೆ ಮಾಡುತ್ತಾರೆ. ಇಲಿಗೆ ಪೂರ್ಣ ಅರಿವಳಿಕೆ ಕೊಟ್ಟು, ತಲೆಯ ಚರ್ಮ ಬಿಡಿಸಿ, ಬುರುಡೆಯ ಮೇಲೆ ಟೈಟಾನಿಯಂ ಅಥವಾ ಉಕ್ಕಿನ ಹಗುರವಾದ ಪಟ್ಟಿಯನ್ನು ಹಲ್ಲಿನ ವೈದ್ಯರು ಬಳಸುವ ಸಿಮೆಂಟಿನಿಂದ ಕೂರಿಸುತ್ತಾರೆ. ಒಂದು ಕಡೆ ಮೂಳೆಯನ್ನು ಕೆಲವು ಮಿಲಿಮೀಟರಿನಷ್ಟು ತೆಗೆದು ಗಾಜಿನ ಪುಟ್ಟ ಕಿಟಕಿ ಇಡುತ್ತಾರೆ. ನೋವು ನಿವಾರಕ ಕೊಟ್ಟು, ಗಾಯ ಮಾಗಲು ದಿನಗಟ್ಟಲೆ ಬಿಡುತ್ತಾರೆ. ಆಮೇಲೆ ಇಲಿಯನ್ನು ಕೈಗೆ ಒಗ್ಗಿಸಿ, ಮೊದಲ ದಿನ ಕೆಲವೇ ನಿಮಿಷ, ಮರುದಿನ ಇನ್ನಷ್ಟು ಹೊತ್ತು ಎಂಬಂತೆ ಆ ಪಟ್ಟಿಯನ್ನು ಸ್ಕ್ರೂ ಹಾಕಿದ ಹಿಡಿಕೆಗೆ ಬಿಗಿದು ಅಭ್ಯಾಸ ಮಾಡಿಸುತ್ತಾರೆ. ಕೊನೆಗೆ ಅದು ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಹಾಗೆ ನಿಲ್ಲುತ್ತದೆ.

ತಲೆ ಬಿಗಿಯಾಗಿದ್ದರೂ ಕಾಲುಗಳು ಬಿಡುವಾಗಿರುತ್ತವೆ. 2007ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇವಿಡ್ ಟ್ಯಾಂಕ್ ಮತ್ತು ಸಂಗಡಿಗರು ಗಾಳಿಯ ಮೇಲೆ ತೇಲುವ ಥರ್ಮೋಕೋಲಿನಂಥ ಹಗುರವಾದ ದೊಡ್ಡ ಚೆಂಡಿನ ಮೇಲೆ ಇಲಿಯನ್ನು ನಿಲ್ಲಿಸಿದರು. ಇಲಿ ಓಡಿದರೆ ಕೆಳಗಿನ ಚೆಂಡು ಉರುಳುತ್ತದೆ, ತಲೆ ಮಾತ್ರ ಇದ್ದಲ್ಲೇ ಇರುತ್ತದೆ. 2009ರಲ್ಲಿ ಅದೇ ಗುಂಪು ಇಲಿಯ ಕಣ್ಣಮುಂದೆ ಪರದೆಯ ಮೇಲೆ ಒಂದು ಓಣಿಯ ಚಿತ್ರ ಮೂಡಿಸಿತು. ಚೆಂಡು ಉರುಳಿದಂತೆ ಓಣಿಯೂ ಹಿಂದೆ ಸರಿಯುತ್ತದೆ. ಇದ್ದಲ್ಲೇ ಇರುವ ಇಲಿ ತಾನು ನಡೆದು ಹೋಗುತ್ತಿರುವಂತೆ ವರ್ತಿಸುತ್ತದೆ. 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಸ್ವತಂತ್ರವಾಗಿ ಓಡಾಡುವ ಇಲಿಗಳಲ್ಲಿ ಕಂಡುಹಿಡಿದು, ಮುಂದೆ 2014ರಲ್ಲಿ ನೊಬೆಲ್ ಬಹುಮಾನ ಪಡೆದ 'ಸ್ಥಳದ ಕೋಶಗಳು' ಈ ಓಣಿಯಲ್ಲೂ ಕೆಲಸ ಮಾಡಿದವು. ಒಂದೊಂದು ಕೋಶಕ್ಕೂ ತನ್ನದೇ ಒಂದು ತಾಣ. ಇಲಿ ಆ ತಾಣಕ್ಕೆ ಬಂದಾಗ ಅದು ಎದ್ದು ಹೇಳುತ್ತದೆ: ಇಗೋ, ನೀನು ಇಲ್ಲಿದ್ದೀಯೆ.

ನಮ್ಮ ಅಜ್ಜಿಯ ಮೆದುಳಿನಲ್ಲಿ ಮಂಕಾಗಿರುವುದೂ ಅದೇ ಭಾಗ. ಅಲ್ಜೈಮರ್ ಕಾಯಿಲೆ ಮೊದಲು ತಟ್ಟುವ ಭಾಗಗಳಲ್ಲಿ ಅದೂ ಒಂದು. ಮೊಮ್ಮಗಳು ಇಲಿಯನ್ನು ಹಿಡಿದು ನಿಲ್ಲಿಸುತ್ತಿರುವುದು ಆಟಕ್ಕಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಇಲಿ ತೆರುವ ಬೆಲೆಯನ್ನೂ ಮುಚ್ಚಿಡಬಾರದು. ಶಸ್ತ್ರಚಿಕಿತ್ಸೆ ಒಂದು. ಮೊದಲ ದಿನಗಳ ಬಿಗಿತದಲ್ಲಿ ಒತ್ತಡದ ಹಾರ್ಮೋನ್ ರಕ್ತದಲ್ಲಿ ಏರುತ್ತದೆ. ಅಭ್ಯಾಸವಾದಂತೆ ಇಳಿಯುತ್ತದಾದರೂ ಅದಕ್ಕೆ ವಾರಗಳೇ ಬೇಕಾಗಬಹುದು. ಕಲಿಕೆಗೆ ಬಹುಮಾನ ಒಂದು ಹನಿ ನೀರು. ಆ ಹನಿಗೆ ಇಲಿ ಆಸೆಪಡಬೇಕಾದರೆ ಬಾಯಾರಿರಬೇಕು. ಆದ್ದರಿಂದ ದಿನಕ್ಕೆ ಸುಮಾರು ಒಂದು ಮಿಲಿಲೀಟರ್ ನೀರನ್ನಷ್ಟೇ ಕೊಡುವ ಪದ್ಧತಿ ಅನೇಕ ಕಡೆ ಇದೆ. ದಿನವೂ ತೂಕ ನೋಡಿ, ತೀರ ಇಳಿದರೆ ನೀರು ಹೆಚ್ಚಿಸುತ್ತಾರೆ. ಪ್ರಯೋಗ ಮುಗಿದ ಮೇಲೆ ಸಾಮಾನ್ಯವಾಗಿ ಇಲಿಯನ್ನು ಕೊಲ್ಲುತ್ತಾರೆ. ಇಷ್ಟನ್ನೂ ಕಣ್ಣುಬಿಟ್ಟು ನೋಡಿದ ಮೇಲೆಯೇ ಸರಿ ತಪ್ಪಿನ ಮಾತು.

ಎರಡು ಸುಲಭದ ಉತ್ತರಗಳು

ತಾಯಿ ಕೊಟ್ಟ ಉತ್ತರವನ್ನು ನಾವೆಲ್ಲರೂ ಕೊಡುತ್ತೇವೆ: "ಅದು ಬರೀ ಇಲಿ. ಮನೆಯಲ್ಲಿ ಪಾಷಾಣ ಇಟ್ಟು ಕೊಲ್ಲುವುದಿಲ್ಲವೇ?" ಈ ಮಾತಿನಲ್ಲಿ ಎರಡು ಕುಂದುಗಳಿವೆ. ಒಂದು ಕಡೆ ಕೊಲ್ಲುತ್ತೇವೆ ಎಂಬುದು ಇನ್ನೊಂದು ಕಡೆ ನೋಯಿಸಲು ಪರವಾನಗಿಯಾಗುವುದಿಲ್ಲ. ಮನೆಯ ಬೋನನ್ನೇ ಒಮ್ಮೆ ಪರಿಶೀಲಿಸಬೇಕಾಗಬಹುದು. ಎರಡನೆಯದು ಇನ್ನೂ ಮುಖ್ಯ. ಅಕ್ಕಿಯ ಚೀಲ ಕೊರೆಯುವ ಇಲಿ ತನ್ನ ಪಾಡಿಗೆ ಬದುಕುವ ಜೀವಿ. ಅದಕ್ಕೂ ನಮಗೂ ಒಂದು ಬಗೆಯ ಜಗಳ. ಪ್ರಯೋಗಾಲಯದ ಇಲಿ ಹಾಗಲ್ಲ. ಅದು ನಮ್ಮ ಪೆಟ್ಟಿಗೆಯಲ್ಲೇ ಹುಟ್ಟಿದ್ದು. ಅದರ ಕಾಳು, ನೀರು, ಬೆಳಕು, ಕತ್ತಲೆ, ಆಯುಷ್ಯ ಎಲ್ಲವೂ ನಮ್ಮ ಕೈಯಲ್ಲಿ. ಬೇರೆ ಗತಿಯಿಲ್ಲದೆ ನಮ್ಮನ್ನೇ ನಂಬಿಕೊಂಡ ಜೀವದ ಮೇಲೆ ನಮಗಿರುವುದು ಕಡಿಮೆ ಹೊಣೆಯಲ್ಲ, ಹೆಚ್ಚಿನ ಹೊಣೆ. ಬೀದಿನಾಯಿಗೆ ಅನ್ನ ಹಾಕದಿದ್ದರೆ ಯಾರೂ ದೂರುವುದಿಲ್ಲ. ಕಟ್ಟಿಹಾಕಿದ ನಾಯಿಗೆ ಅನ್ನ ಹಾಕದಿದ್ದರೆ ಪಕ್ಕದ ಮನೆಯವರೂ ಬೈಯುತ್ತಾರೆ, ಬೈಯಲೂಬೇಕು.

ಇನ್ನೊಂದು ಉತ್ತರ ಕಾಲೇಜಿಗೆ ಹೋಗುವ ಮಕ್ಕಳ ಬಾಯಲ್ಲಿ ಕೇಳಿಬರುತ್ತದೆ: "ಇಲಿಯೂ ಜೀವ, ನಾವೂ ಜೀವ. ಯಾರನ್ನೂ ಮುಟ್ಟಕೂಡದು." ಕರುಣೆಯಿಂದ ಹುಟ್ಟಿದ ಮಾತು. ಅದನ್ನು ನಗಬೇಡಿ. ಆದರೆ ಅದನ್ನು ಕೊನೆಯವರೆಗೆ ಪಾಲಿಸುವುದು ಎಷ್ಟು ಕಷ್ಟವೆಂದೂ ತಿಳಿದಿರಲಿ. ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಹಿರಿಯರು ದಿನವೂ ನುಂಗುವ ಮಾತ್ರೆಯ ಕಥೆ ಕೇಳಿ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಮತ್ತು ಸಂಗಡಿಗರು ಔಷಧವೊಂದನ್ನು ಕೊಟ್ಟು ಮೊಲಗಳನ್ನು ಮಿಸುಕಾಡದಂತೆ ಮಾಡಿದರು. ಆಮೇಲೆ ಎಲ್-ಡೋಪಾ ಎಂಬ ಪದಾರ್ಥ ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದವು. ಅಲ್ಲಿಂದ ಬೆಳೆದ ತಿಳಿವಳಿಕೆಯೇ ಇಂದಿಗೂ ಆ ಕಾಯಿಲೆಯ ಮುಖ್ಯ ಔಷಧದ ತಳಹದಿ. ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ನಡುಗುವ ಕೈ ಹಿಡಿದು ಆ ಮಾತ್ರೆ ಕೊಡುವವರು, ಮೊಲದ ಆ ದಿನ ಬರಲೇಬಾರದಿತ್ತು ಎಂದು ಹೇಳಬಲ್ಲರೇ?

ಒಂದು ಉತ್ತರ ಇಲಿಯನ್ನು ವಸ್ತುವನ್ನಾಗಿ ಮಾಡುತ್ತದೆ. ಇನ್ನೊಂದು ಅಜ್ಜಿಯನ್ನು ಮರೆಯುತ್ತದೆ. ಸರಿಯಾದ ದಾರಿ ಎರಡರ ನಡುವೆ ಎಲ್ಲೋ ಇದೆ. ಅದು ಇಕ್ಕಟ್ಟಾದ ದಾರಿ.

ಧರ್ಮಸಭೆಯ ಬೋಧನೆ

1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಹೊರಡಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯವನ್ನು ಬಿಟ್ಟಿಲ್ಲ. ಏಳನೆಯ ಕಟ್ಟಳೆಯನ್ನು, ಅಂದರೆ 'ಕದಿಯಬೇಡ' ಎಂಬುದನ್ನು ವಿವರಿಸುವಾಗ, 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಇದರ ಮಾತು ಬರುತ್ತದೆ. ಪ್ರಾಣಿಗಳು ದೇವರ ಸೃಷ್ಟಿ. ಇರುವುದರಿಂದಲೇ ಅವು ದೇವರನ್ನು ಸ್ತುತಿಸುತ್ತವೆ. ಅವುಗಳಿಗೆ ನಾವು ದಯೆ ತೋರಲು ಬದ್ಧರು. ಪ್ರಾಣಿಗಳ ಮೇಲಿನ ವೈದ್ಯಕೀಯ, ವೈಜ್ಞಾನಿಕ ಪ್ರಯೋಗಗಳು ಯುಕ್ತವಾದ ಮಿತಿಯೊಳಗಿದ್ದು ಮಾನವ ಜೀವಗಳ ಆರೈಕೆಗೆ ಅಥವಾ ರಕ್ಷಣೆಗೆ ನೆರವಾಗುವುದಾದರೆ ಅವು ಒಪ್ಪತಕ್ಕವು. ಆದರೆ ಅಗತ್ಯವಿಲ್ಲದೆ ಪ್ರಾಣಿಗಳನ್ನು ನೋಯಿಸುವುದು, ಕೊಲ್ಲುವುದು ಮಾನವ ಘನತೆಗೇ ವಿರುದ್ಧ. ಇದು ಅಲ್ಲಿಯ ಸಾರ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೋ ಸಿ' ಪತ್ರದಲ್ಲಿ ಇದನ್ನೇ ಮತ್ತೆ ನೆನಪಿಸಿದರು.

ಈ ಬೋಧನೆ 'ಕದಿಯಬೇಡ' ಎಂಬುದರ ಕೆಳಗೆ ಬರುತ್ತದೆ ಎಂಬುದನ್ನು ಗಮನಿಸಿ. ಇಲಿ ನಮ್ಮದಲ್ಲ. ಅದನ್ನು ಒಡೆಯನ ಸೊತ್ತೆಂದು ನಮ್ಮ ವಶಕ್ಕೆ ಕೊಡಲಾಗಿದೆ. ಅಗತ್ಯಕ್ಕಿಂತ ಹೆಚ್ಚು ತೆಗೆದುಕೊಂಡರೆ ಅದು ಕಳವು.

ಇಲ್ಲಿ ಒಂದು ಪ್ರಾಮಾಣಿಕ ತೊಡಕು ಬರುತ್ತದೆ. ಚೆಂಡಿನ ಮೇಲೆ ಓಡುವ ಇಲಿಯಿಂದ ಅಜ್ಜಿಗೆ ಈವರೆಗೆ ಔಷಧ ಬಂದಿಲ್ಲ. ಬಂದಿರುವುದು ತಿಳಿವಳಿಕೆ. ಮೆದುಳು ದಾರಿಯನ್ನು ಹೇಗೆ ಬರೆದಿಟ್ಟುಕೊಳ್ಳುತ್ತದೆ ಎಂದು ತಿಳಿಯದೆ, ಅದು ಹೇಗೆ ಅಳಿಸಿಹೋಗುತ್ತದೆ ಎಂದು ತಿಳಿಯುವುದು ಕಷ್ಟ. ಬಾವಿ ತೋಡುವವನಿಗೆ ಮೊದಲ ದಿನವೇ ನೀರು ಸಿಗುವುದಿಲ್ಲ. ಆದರೆ ಎಲ್ಲ ಗುಂಡಿಯೂ ಬಾವಿಯಾಗುವುದಿಲ್ಲ ಎಂಬುದೂ ನಿಜ. ಯಾರೋ ಆಗಲೇ ಕಂಡುಹಿಡಿದದ್ದನ್ನು ಹೆಸರಿಗಾಗಿ, ಪದವಿಗಾಗಿ ಮತ್ತೆ ಮಾಡುವುದಕ್ಕೆ ಒಂದು ಜೀವವನ್ನು ಬಿಗಿದು ನಿಲ್ಲಿಸುವುದನ್ನು 'ಆರೈಕೆಗೆ ನೆರವು' ಎಂದು ಕರೆಯಲು ಮನಸ್ಸಾಕ್ಷಿ ಒಪ್ಪಲಾರದು.

ಕಣದ ಎತ್ತು

ನಮ್ಮ ಹಳ್ಳಿಗಳಲ್ಲಿ ಪ್ರಾಣಿಯನ್ನು ಕಟ್ಟುವುದು ಹೊಸದೇನಲ್ಲ. ಎತ್ತಿಗೆ ಮೂಗುದಾರ ಹಾಕುತ್ತೇವೆ. ಲಾಳ ಕಟ್ಟುವಾಗ ಹಗ್ಗ ಬಿಗಿದು ನೆಲಕ್ಕೆ ಕೆಡವುತ್ತೇವೆ. ಕಟ್ಟುವುದೇ ಪಾಪವಾಗಿದ್ದರೆ ರೈತನಿಗೆ ಮೋಕ್ಷವೇ ಇರುತ್ತಿರಲಿಲ್ಲ. ಪವಿತ್ರ ಬೈಬಲ್ ಕೂಡ ನೊಗವನ್ನು ನಿಷೇಧಿಸಲಿಲ್ಲ. ಆದರೆ ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ನಿಯಮವಿದೆ: ಕಣ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದು. ನಿನಗಾಗಿ ದುಡಿಯುವ ಜೀವಕ್ಕೆ ಆ ದುಡಿಮೆಯಲ್ಲೇ ಒಂದು ಪಾಲಿರಲಿ ಎಂಬುದು ಅದರ ತಾತ್ಪರ್ಯ. ಸಂತ ಪೌಲರು ಇದನ್ನು ಶುಭಸಂದೇಶ ಸಾರುವವರ ಜೀವನೋಪಾಯಕ್ಕೆ ಅನ್ವಯಿಸಿದರು. ಎತ್ತಿಗೆ ನ್ಯಾಯವಾದದ್ದು ಮನುಷ್ಯನಿಗೂ ನ್ಯಾಯ ಎಂದು ಅವರು ಹೇಳಬಲ್ಲವರಾದರು.

ಹಾಗಾದರೆ ಪ್ರಯೋಗಾಲಯದಲ್ಲಿ ನಮಗಾಗಿ 'ಕಣ ತುಳಿಯುವ' ಇಲಿಯ ಪಾಲೇನು? ಇಲಿಗೆ ಬೇಕಾದದ್ದು ಹೆಚ್ಚೇನಲ್ಲ. ಗೂಡು ಕಟ್ಟಲು ಸ್ವಲ್ಪ ಹತ್ತಿ, ಕಾಗದ. ಅಡಗಲು ಕತ್ತಲೆಯ ಮೂಲೆ. ಜೊತೆಗೆ ತನ್ನಂಥವೇ ಒಂದೆರಡು. ಓಡಲು ಜಾಗ. ಹಿಡಿದೆತ್ತುವ ಕೈ ಹೆದರಿಸದಿರುವುದು. ಈ ಕೊನೆಯದು ಚಿಕ್ಕ ವಿಷಯವಲ್ಲ. ಇಲಿಯನ್ನು ಬಾಲ ಹಿಡಿದು ಎತ್ತುವುದು ಬಹುಕಾಲದ ರೂಢಿ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಬಾಲ ಹಿಡಿದೆತ್ತಿದ ಇಲಿಗಳು ಮನುಷ್ಯನ ಕೈಗೆ ಅಂಜುತ್ತವೆ, ಬೊಗಸೆಯಲ್ಲಿ ಅಥವಾ ಕೊಳವೆಯಲ್ಲಿ ಎತ್ತಿದ ಇಲಿಗಳು ತಾವಾಗಿಯೇ ಹತ್ತಿರ ಬರುತ್ತವೆ ಎಂದು ತೋರಿಸಿದರು. ಬಾಲವೋ ಬೊಗಸೆಯೋ ಎಂಬುದಕ್ಕೆ ಹಣ ಬೇಡ, ಯಂತ್ರ ಬೇಡ. ಗಮನ ಒಂದಿದ್ದರೆ ಸಾಕು.

1959ರಲ್ಲೇ ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಪ್ರಯೋಗ ಮಾಡುವವರಿಗೆ ಮೂರು ನಿಯಮಗಳನ್ನು ಮುಂದಿಟ್ಟರು: ಪ್ರಾಣಿಯಿಲ್ಲದೆ ಆಗುವುದಾದರೆ ಬೇರೆ ದಾರಿ ಹಿಡಿಯಿರಿ, ಆಗದಿದ್ದರೆ ಎಷ್ಟು ಕಡಿಮೆ ಪ್ರಾಣಿಗಳು ಸಾಕೋ ಅಷ್ಟೇ ಬಳಸಿರಿ, ಬಳಸಿದವುಗಳ ನೋವನ್ನು ಆದಷ್ಟು ಇಳಿಸಿರಿ. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ, ಇಂಥ ಪ್ರಯೋಗ ನಡೆಸುವ ಸಂಸ್ಥೆ ನೋಂದಣಿ ಮಾಡಿಸಿಕೊಂಡು, ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು.

ಲಾಭವಿರುವ ತನಕದ ದಯೆ

ಈಗ ಈ ವಿಚಾರದ ತಿರುಳಿಗೆ ಬರೋಣ. ತೇಲುವ ಚೆಂಡು ಬಂದದ್ದರಿಂದ ಇಲಿಗೆ ಒಳ್ಳೆಯದಾಯಿತು. ಆದರೆ ಅದು ಬಂದದ್ದು ಇಲಿಯ ಮೇಲಿನ ಕನಿಕರದಿಂದಷ್ಟೇ ಅಲ್ಲ. ಕಾಲಾಡಿಸಲಾಗದ, ಹೆದರಿದ ಇಲಿ ಕಲಿಯುವುದಿಲ್ಲ. ಹೆದರಿದ ಮೆದುಳಿನಿಂದ ಬಂದ ಅಂಕಿಗಳು ಹೆದರಿಕೆಯ ಕಥೆಯನ್ನೇ ಹೇಳುತ್ತವೆ. ಒಳ್ಳೆಯ ವಿಜ್ಞಾನಕ್ಕೂ ಇಲಿಯ ನೆಮ್ಮದಿ ಬೇಕು. ದಯೆಯೂ ಲಾಭವೂ ಕೈಹಿಡಿದು ನಡೆಯುವುದು ಸಂತೋಷದ ವಿಷಯವೇ. ಅದನ್ನು ಹೀಗಳೆಯಬಾರದು.

ಆದರೆ ಎಲ್ಲ ದಿನವೂ ಅವು ಕೈಹಿಡಿದು ನಡೆಯುವುದಿಲ್ಲ. ಶುಕ್ರವಾರ ಸಂಜೆಯಾಗಿದೆ. ಇಲಿ ಇಂದು ಯಾಕೋ ಮಂಕಾಗಿದೆ, ತೂಕ ಇಳಿದಿದೆ. ಇನ್ನು ಅರ್ಧ ಗಂಟೆ ನಿಲ್ಲಿಸಿದರೆ ಬೇಕಾದ ಅಂಕಿ ಸಿಕ್ಕಿಬಿಡುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಯಾವ ಸಮಿತಿಯೂ ನೋಡುತ್ತಿಲ್ಲ. ಆ ಅರ್ಧ ಗಂಟೆಯಲ್ಲಿ ಇಲಿಗೆ ಸಿಗುವ ದಯೆ ಮಾತ್ರವೇ ನಿಜವಾದ ದಯೆ. ಉಳಿದದ್ದು ಎತ್ತು ದುಡಿಯುವ ತನಕ ಹುಲ್ಲು ಹಾಕಿ, ಮುದಿಯಾದ ಮೇಲೆ ಹಗ್ಗ ಬಿಚ್ಚಿ ಓಡಿಸುವವನ ಲೆಕ್ಕಾಚಾರ. ನೀತಿವಂತನು ತನ್ನ ಪಶುಗಳ ಪ್ರಾಣವನ್ನೂ ಲಕ್ಷಿಸುತ್ತಾನೆ ಎಂಬ ಅರ್ಥದ ಮಾತು ಜ್ಞಾನೋಕ್ತಿಗಳ 12ನೆಯ ಅಧ್ಯಾಯದಲ್ಲಿದೆ. ಅಲ್ಲಿ ಪಶುವಿನ ಬೆಲೆಯ ಪ್ರಸ್ತಾಪವಿಲ್ಲ, ಪ್ರಾಣದ ಪ್ರಸ್ತಾಪವಿದೆ.

ಬಿಗಿಯನ್ನೇ ಬೇರೆ ರೀತಿ ಮಾಡಲು ಯತ್ನಿಸಿದವರೂ ಇದ್ದಾರೆ. 2011ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಎರಡು ಗ್ರಾಂಗಿಂತ ಹಗುರವಾದ ಸೂಕ್ಷ್ಮದರ್ಶಕವನ್ನು ಇಲಿಯ ತಲೆಯ ಮೇಲೆಯೇ ಕೂರಿಸಿ, ಅದನ್ನು ಓಡಾಡಲು ಬಿಟ್ಟರು. ಎಲ್ಲ ಪ್ರಶ್ನೆಗಳಿಗೂ ಆ ಪುಟ್ಟ ಯಂತ್ರ ಸಾಲದು. ಆದರೂ ಎಷ್ಟೋ ಪ್ರಶ್ನೆಗಳಿಗೆ ಸಾಕು. 2013ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ದೊಡ್ಡ ಜಾತಿಯ ಇಲಿಗಳು ತಾವಾಗಿಯೇ ಬಂದು ತಲೆಯನ್ನು ಹಿಡಿಕೆಯೊಳಗೆ ಇಡುವಂತೆ ಕಲಿಸಿದರು. ಕೆಲವು ಕ್ಷಣ ಹಿಡಿಕೆ ಮುಚ್ಚುತ್ತದೆ, ಚಿತ್ರ ತೆಗೆಯುತ್ತದೆ, ಮತ್ತೆ ಬಿಡುತ್ತದೆ. 2016ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಪುಟ್ಟ ಇಲಿಗಳು ತಮ್ಮ ಗೂಡಿನಲ್ಲೇ, ಜೊತೆಗಾರರ ನಡುವೆಯೇ ಇದ್ದು, ನೀರು ಬೇಕೆನಿಸಿದಾಗ ಬಂದು ತಲೆಯೊಡ್ಡುವ ಏರ್ಪಾಡು ಮಾಡಿದರು.

ಹಾಗಾದರೆ ಇಲಿ ಒಪ್ಪಿತೇ? ಅಷ್ಟು ದೊಡ್ಡ ಮಾತು ಬೇಡ. ಬಾಯಾರಿದವನು ನೀರಿದ್ದಲ್ಲಿಗೆ ಬರುವುದನ್ನು ಒಪ್ಪಿಗೆ ಎನ್ನಲಾಗದು. ಹಸಿವಿನಿಂದ ಹೆಬ್ಬೆಟ್ಟು ಒತ್ತಿ ಜೀತಕ್ಕೆ ನಿಂತವನನ್ನು 'ತಾನಾಗಿಯೇ ಬಂದ' ಎಂದು ಧಣಿ ಹೇಳುತ್ತಿದ್ದುದು ನಮ್ಮ ನಾಡಿನ ಹಿರಿಯರಿಗೆ ನೆನಪಿದೆ. ಆದರೂ ವ್ಯತ್ಯಾಸವಿದೆ. ಬೇಡವೆನಿಸಿದ ಹೊತ್ತಿನಲ್ಲಿ ಬಾರದಿರಲು, ಗೂಡಿನಲ್ಲೇ ಮಲಗಿರಲು ಆ ಇಲಿಗೆ ಎಡೆಯಿದೆ. ನಮ್ಮ ಭಾಷೆ ತಿಳಿಯದ ಜೀವ 'ಸಾಕು' ಎನ್ನಲು ಒಂದು ದಾರಿ ಬಿಟ್ಟಿರುವುದು ದೊಡ್ಡ ಸಂಗತಿ. ಇಂಥ ದಾರಿ ಬಿಡಲು ಸಾಧ್ಯವಿದ್ದಲ್ಲೂ ಬಿಡದಿದ್ದರೆ, ಮಿತಿ ಮೀರಿದೆವೆಂದೇ ಅರ್ಥ.

ಬಾಗಿಲಿನ ಚಿಲಕ

ಮತ್ತೆ ಆ ಮನೆಗೆ ಬನ್ನಿ. ಅಜ್ಜಿಯನ್ನು ಚಿಲಕ ಹಾಕಿ ತಡೆದಿದ್ದಾರೆ. ಅದು ಅವರ ಒಳಿತಿಗಾಗಿ. ಇಲಿಯನ್ನು ಹಿಡಿಕೆಗೆ ಬಿಗಿದಿದ್ದಾರೆ. ಅದು ಇಲಿಯ ಒಳಿತಿಗಲ್ಲ, ಅಜ್ಜಿಯಂಥವರ ಒಳಿತಿಗಾಗಿ. ಈ ವ್ಯತ್ಯಾಸವನ್ನು ಯಾವ ವಾದದಿಂದಲೂ ಅಳಿಸಲಾಗದು. ಮನುಷ್ಯನ ಜೀವಕ್ಕೆ ಹೆಚ್ಚಿನ ಬೆಲೆಯಿದೆ, ಆದ್ದರಿಂದ ಕಷ್ಟಪಟ್ಟು ಇದನ್ನು ಒಪ್ಪಬಹುದು ಎಂಬುದೇ ನಮ್ಮ ಉತ್ತರ. ಆದರೆ ಒಪ್ಪಬಹುದಾದ ಕೆಲಸವೂ ಸಾಲ ಉಳಿಸುತ್ತದೆ. ತನ್ನದಲ್ಲದ ಒಳಿತಿಗಾಗಿ ನಿಂತ ಜೀವಕ್ಕೆ ನಾವು ಋಣಿಗಳು. ಋಣವಿದೆಯೆಂದು ನೆನಪಿಟ್ಟವನು ಮಿತಿ ಮೀರುವುದು ಕಷ್ಟ. 'ಅದು ಬರೀ ಇಲಿ' ಎಂದವನಿಗೆ ಮಿತಿಯೇ ಕಾಣಿಸುವುದಿಲ್ಲ.

ತಾಯಿ ಮರುದಿನ ಮಗಳಿಗೆ ಫೋನ್ ಮಾಡಿದರೆ ಏನು ಹೇಳಬಹುದು? 'ಪಾಪವಲ್ಲ, ಮಲಗು' ಎಂದಾಗಲಿ, 'ಪಾಪ, ಬಿಟ್ಟು ಬಾ' ಎಂದಾಗಲಿ ಹೇಳಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ಆತ್ಮಶೋಧನೆ ಮಾಡಿಕೊಳ್ಳುವುದನ್ನು ಅವಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಅದಕ್ಕೆ ನಾಲ್ಕು ಪ್ರಶ್ನೆಗಳನ್ನು ಸೇರಿಸಿದರೆ ಸಾಕು. ಇಂದು ಈ ಇಲಿಯಿಂದ ಕೇಳಿದ ಪ್ರಶ್ನೆಗೆ ನಿಜವಾಗಿಯೂ ಇಲಿಯೇ ಬೇಕಾಗಿತ್ತೇ? ಬಿಗಿಯದೆ ಅಥವಾ ಕಡಿಮೆ ಹೊತ್ತು ಬಿಗಿದು ಆಗುತ್ತಿತ್ತೇ? ನನ್ನ ಆಯಾಸ, ಅವಸರ, ಹೆಸರಿನ ಆಸೆ ಇವುಗಳ ಬೆಲೆಯನ್ನು ಇಲಿ ತೆತ್ತಿತೇ? ಗೂಡಿಗೆ ಮರಳಿಸುವಾಗ ಅದಕ್ಕೆ ನೀರು, ಹತ್ತಿ, ಜೊತೆ ಎಲ್ಲ ಇದೆಯೇ ಎಂದು ನೋಡಿದೆನೇ?

"ನಿನಗೆ ಈ ಪ್ರಶ್ನೆ ಕಾಡಿದ್ದೇ ಒಳ್ಳೇದಾಯ್ತು ಮಗಾ. ಕಾಡೋದು ನಿಂತ ದಿನ ನನಗೆ ಫೋನ್ ಮಾಡು" ಎಂದು ತಾಯಿ ಹೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಇರಲಾರದು. ಅಭ್ಯಾಸವಾದ ಮೇಲೆ ಇಲಿಗೆ ಬಿಗಿ ಹಗುರವಾಗುತ್ತದೆ, ನಿಜ. ಬಿಗಿಯುವ ಕೈಗೂ ಅಭ್ಯಾಸವಾಗಿಬಿಡುತ್ತದೆ. ಮೊದಲನೆಯದು ಇಲಿಯ ಭಾಗ್ಯ. ಎರಡನೆಯದರ ಬಗ್ಗೆ ಎಚ್ಚರವಿರಬೇಕು. ಒಂದು ದಿನ ಕೈ ನಡುಗದೆ, ಮನಸ್ಸು ಕೇಳದೆ, ಎಲ್ಲವೂ ಸರಾಗವಾಗಿ ನಡೆದುಹೋದರೆ, ಅಂದು ಕೆಲಸ ಚೆನ್ನಾಗಿ ಕಲಿತಂತೆಯೂ ಹೌದು, ಏನನ್ನೋ ಕಳೆದುಕೊಂಡಂತೆಯೂ ಹೌದು.

ಪ್ರಯೋಗಾಲಯಕ್ಕೆ ಹೋಗದ ನಮ್ಮ ಪಾಲು ಏನು? ಔಷಧದ ಅಂಗಡಿಯಿಂದ ತರುವ ಮಾತ್ರೆಯ ಹಿಂದೆ ಯಾವುದೋ ಪೆಟ್ಟಿಗೆಯಲ್ಲಿ ಹುಟ್ಟಿ ಸತ್ತ ಜೀವಗಳಿವೆ. ಊಟದ ಮುಂಚೆ ಪ್ರಾರ್ಥನೆ ಮಾಡುವ ನಾವು, ಮಾತ್ರೆಯ ಮುಂಚೆ ಒಂದು ಕ್ಷಣ ಅವುಗಳಿಗಾಗಿ ದೇವರಿಗೆ ವಂದನೆ ಹೇಳಿದರೆ ತಪ್ಪೇನಿಲ್ಲ. ಎರಡು ಕಾಸಿಗೆ ಐದರಂತೆ ಮಾರಾಟವಾಗುವ ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಎಂದು ಪ್ರಭು ಯೇಸು ಹೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಅದೇ ಮಾತಿನ ಮುಂದೆ, ನೀವು ಅನೇಕ ಗುಬ್ಬಿಗಳಿಗಿಂತ ಬೆಲೆಯುಳ್ಳವರು ಎಂದೂ ಇದೆ. ಎರಡನೆಯ ಮಾತನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಮೊದಲನೆಯದನ್ನೂ ಮರೆಯದಿರೋಣ.

ಈ ಭಾನುವಾರ ಪೂಜೆ ಮುಗಿಸಿ ಬಂದು, ಊಟಕ್ಕೆ ಕುಳಿತಾಗ, ಮನೆಯ ಮಕ್ಕಳನ್ನು ಕೇಳಿ ನೋಡಿ: "ಅಜ್ಜಿಗಾಗಿ ಒಂದು ಇಲಿಯನ್ನು ಕಟ್ಟಿ ನಿಲ್ಲಿಸಬಹುದೇ? ನಿಲ್ಲಿಸಿದರೆ ಅದಕ್ಕೆ ನಾವು ಏನು ಕೊಡಬೇಕು?" ಉತ್ತರ ಹೇಳುವ ಅವಸರ ಬೇಡ. ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ. ಆಮೇಲೆ ಚಿಲಕ ತೆಗೆದು, ಅಜ್ಜಿಯ ಕೈಹಿಡಿದು, ದೇವಾಲಯದ ದಾರಿಯಲ್ಲಿ ಒಂದಿಷ್ಟು ದೂರ ನಡೆದು ಬನ್ನಿ.